ಯಾರದೋ ಹೊಲ ಮೇಯುವ ಜಿರಾಫೆ

ಪ್ರವಾಸಕ್ಕೆ ಹೋಗಿ ಬಂದವರು ದಣಿದಿರುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಹೋಗದೆಯೇ ದಣಿಯುವ ವಿದ್ಯೆ ಕಲಿಯಬೇಕಾದರೆ ನನ್ನ ಹತ್ತಿರ ಬರ್ರಿ. ಕಾಡುಪ್ರಾಣಿ ನೋಡಬೇಕೆಂದು ನಾನು ಆಫ್ರಿಕಾದ ದಕ್ಷಿಣ ಭಾಗಕ್ಕೆ ಹೊರಟು ಹನ್ನೊಂದು ತಿಂಗಳಾಯಿತು. ಈವರೆಗೆ ಮುಟ್ಟಿರುವುದು ಆಳಂದ. ಅದೂ ಜೇವರ್ಗಿಯಿಂದ ಕಲಬುರಗಿಗೆ ಒಂದು ಬಸ್ಸು, ಅಲ್ಲಿಂದ ಆಳಂದಕ್ಕೆ ಇನ್ನೊಂದು ಬಸ್ಸು, ತೊಡೆಯ ಮೇಲೊಂದು ಪ್ಲಾಸ್ಟಿಕ್ ಫೈಲು. ಸಿಂಹ ಇನ್ನೂ ಕಂಡಿಲ್ಲ. ಝೆರಾಕ್ಸ್ ಅಂಗಡಿಗಳನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ನಾನು ಜೇವರ್ಗಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಆಫ್ರಿಕಾದ ನಕಾಶೆಯನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನೇ, ಗಂಡಸರನ್ನೂ ಹಿಡಿದು. ಇದನ್ನು ತಲೆ ಬಗ್ಗಿಸಿ ಹೇಳುವ ರೂಢಿ ನನಗಿಲ್ಲ. ಮನೆಯ ಬಾಗಿಲಿಗೆ ಹಾಕಿದ ಹಲಗೆಯಲ್ಲಿ ನನ್ನ ಹೆಸರಿಗಿಂತ ಬಿ.ಎ., ಬಿ.ಎಡ್. ಎಂಬುದೇ ದಪ್ಪಗಿದೆ. ಬರೆದವನು ತಪ್ಪಿ ಬರೆದದ್ದಲ್ಲ. ನಾನೇ ಹಾಗೆ ಬರೆಯಲು ಹೇಳಿದ್ದೆ.

ಆದರೆ ಆ ಡಿಗ್ರಿಯಲ್ಲಿ ಅರ್ಧ ನನ್ನ ಅಕ್ಕ ಮಹಾದೇವಿಯದು. ಅಕ್ಕ ನಿಂಬರ್ಗಾದಲ್ಲಿದ್ದಾಳೆ, ಮಗ ಸೊಸೆಯ ಜೊತೆ. ಚಿಕ್ಕವಳಿದ್ದಾಗ ಅವಳ ಕೆಲಸ ಊರವರ ಹೊಲ ಕಾಯುವುದು. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಕಟ್ಟಿದ ಅಟ್ಟದ ಮೇಲೆ ನಿಂತು, ಕವಣೆಯಲ್ಲಿ ಕಲ್ಲಿಟ್ಟು ಗಿರ್ರನೆ ತಿರುವಿ ಬೀಸಿದರೆ ಜೋಳಕ್ಕೆ ಬಂದ ಹಕ್ಕಿಯೂ ಹೋಗಬೇಕು, ತೊಗರಿಗೆ ಬಂದ ಚಿಗರಿ ಜಿಂಕೆಯೂ ಹೋಗಬೇಕು. ಸುಗ್ಗಿಯಲ್ಲಿ ಹೊಲದವರು ಅವಳಿಗೆ ಜೋಳ ಅಳೆಯುತ್ತಿದ್ದರು. ಆ ಜೋಳದ ರೊಟ್ಟಿ ಕಟ್ಟಿಕೊಂಡೇ ನಾನು ಆಳಂದದಲ್ಲಿ ಓದಿದ್ದು. ರಜೆಗೆ ಬಂದಾಗ ಅಟ್ಟ ಹತ್ತಿ ಕೂತು ಅವಳಿಗೆ ಭೂಗೋಳದ ಪುಸ್ತಕ ಓದಿ ಹೇಳುತ್ತಿದ್ದೆ. ಹುಲ್ಲುಗಾವಲಿನ ಪಾಠದಲ್ಲಿ ಜಿರಾಫೆಯ ಚಿತ್ರ ಬಂತು. ಅಕ್ಕ ಕವಣೆ ಕೆಳಗಿಟ್ಟು ಅದನ್ನು ನೋಡಿದಳು.

"ಇದು ಅಟ್ಟದ ಮ್ಯಾಲೆ ನಿಂತಾಕಿ ಮಾರಿಗೇ ಮಾರಿ ಹಚ್ಚತದಲ್ಲಬೇ. ಇದನ್ನ ಹ್ಯಾಂಗ ಓಡಸ್ತಾರ?"

"ಓಡಸಂಗಿಲ್ಲಕ್ಕಾ, ಬರೇ ನೋಡ್ತಾರ."

"ಬರೇ ನೋಡ್ತಾರ?" ಎಂದು ಅಕ್ಕ ಎರಡು ಸಲ ಕೇಳಿದಳು. ನೌಕರಿ ಹತ್ತಿದ ಮೇಲೆ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ನಾನು ಆಣೆ ಮಾಡಿದೆ. ಆ ವಯಸ್ಸಿನಲ್ಲಿ ಆಣೆ ಮಾಡುವುದು ಬಲು ಸುಲಭ. ನೌಕರಿ ಹತ್ತಿತು, ಮದುವೆಯಾಯಿತು, ಮಕ್ಕಳನ್ನು ದಡ ಮುಟ್ಟಿಸಿದ್ದಾಯಿತು. ನಿವೃತ್ತಿಗೆ ಮೂರು ವರ್ಷ ಉಳಿದಾಗ ಆಣೆ ನೆನಪಾಯಿತು. ನಮ್ಮನೆಯವರನ್ನು ಬರ್ತೀರೇನು ಎಂದು ಕೇಳಿದೆ. "ಪ್ರಾಣಿ ನೋಡೂ ಆಸೆ ಆದಾಗ ನಿಮ್ಮ ಸ್ಟಾಫ್ ರೂಮಿಗಿ ಬಂದು ಹೋಗ್ತೇನಿ, ನೀವು ಅಕ್ಕ ತಂಗಿ ಹೋಗಿ ಬರ್ರಿ" ಎಂದು ಅವರು ಪೇಪರು ತಿರುವಿದರು.

ಯಾವಾಗ ಹೋಗಬೇಕು ಎಂಬುದೇ ಮೊದಲ ತಕರಾರು. ಮೇಷ್ಟ್ರ ಮಂದಿಗೆ ಬೇಸಿಗೆ ರಜೆ ಒಂದೇ ಲೋಕ. ಆದರೆ ಭೂಮಧ್ಯರೇಖೆಯ ಆಚೆ ಎಲ್ಲ ತಿರುವು ಮುರುವು. ನಮ್ಮಲ್ಲಿ ಮಳೆ ಹಿಡಿದಾಗ ಅಲ್ಲಿ ಚಳಿ, ಒಣ ಹವೆ. ಅಲ್ಲಿ ಹುಲ್ಲು ಒಣಗಿ, ಹೊಂಡಗಳು ಬತ್ತಿದಾಗಲೇ ಪ್ರಾಣಿಗಳೆಲ್ಲ ಉಳಿದ ನೀರಿಗೆ ಬಂದು ಸೇರುವುದು, ನೋಡುವವರಿಗೆ ಕಾಣುವುದು. ಆ ಒಣಗಾಲದ ಕೊನೆಗೆ ನಮ್ಮ ದಸರೆ ರಜೆ ಬಂದು ಸರಿಯಾಗಿ ಕೂಡುತ್ತದೆ. ಇದನ್ನು ನಾನೇ ಕಂಡುಹಿಡಿದೆನೆಂದು ಒಂದು ವಾರ ಬೀಗಿದೆ. ಆಮೇಲೆ ಟ್ರಾವೆಲ್ಸ್‌ನ ಹುಡುಗಿ ಫೋನಿನಲ್ಲಿ, "ಹೌದು ಮೇಡಂ, ಎಲ್ಲರೂ ಆಗಲೇ ಹೋಗ್ತಾರೆ" ಎಂದಳು.

ಇನ್ನೊಂದು ಮಾತು. ನಮ್ಮ ದಖ್ಖನಿನ ನೆಲವೂ ಆಫ್ರಿಕಾದ ನೆಲವೂ ಕೋಟಿ ಕೋಟಿ ವರ್ಷಗಳ ಹಿಂದೆ ಒಂದಕ್ಕೊಂದು ಅಂಟಿಕೊಂಡಿದ್ದವು. ಇದನ್ನು ಪ್ರತಿವರ್ಷ ಕಲಿಸುತ್ತೇನೆ, ಪ್ರತಿವರ್ಷ ಮಕ್ಕಳು ಆಕಳಿಸುತ್ತಾರೆ. ಈ ವರ್ಷ ಕಲಿಸುವಾಗ ನನಗೇ ನಿಟ್ಟುಸಿರು ಬಂತು. ಆಗಲೇ ಹೊರಟಿದ್ದರೆ ನಡೆದುಕೊಂಡು ಹೋಗಬಹುದಿತ್ತು, ಪಾಸ್‌ಪೋರ್ಟ್ ಬೇಕಿರಲಿಲ್ಲ.

ಈಗ ಬೇಕು. ನನಗೆ ಇಲಾಖೆಯ ಒಪ್ಪಿಗೆಯೂ ಬೇಕು. ಕಚೇರಿಯ ಕ್ಲರ್ಕ್ ಬಹಳ ಸಭ್ಯ ಮನುಷ್ಯ. ಅರ್ಜಿ ಓದಿ ಕನ್ನಡಕ ತೆಗೆದರು.

"ಟೀಚರ್, ಅಲ್ಲಿ ಮಗ ಇದ್ದಾನೇನ್ರಿ?"

"ಇಲ್ರಿ."

"ಮಗಳು? ಬಾಣಂತನ?"

"ಯಾರೂ ಇಲ್ರಿ. ಪ್ರಾಣಿ ನೋಡಾಕ ಹೋಗಾಕತ್ತೇನಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಮ್ಮ ಹೊಲಕ್ಕ ಬರ್ರಿ, ಹಂದಿ ಅಂದ್ರ ಹಂದಿ, ಚಿಗರಿ ಅಂದ್ರ ಚಿಗರಿ. ಒಪ್ಪಿಗಿ ಪತ್ರನೂ ಬ್ಯಾಡ" ಎಂದರು. ಆದರೂ ಸಹಿ ಮಾಡಿಸಿ ಕೊಟ್ಟರು, ಅವರಿಗೆ ಪುಣ್ಯ ಬರಲಿ.

ನನ್ನದು ಹೀಗೆ ಮುಗಿಯಿತು. ಅಕ್ಕನದು ಶುರುವಾಯಿತು. ಅವಳು ಹುಟ್ಟಿದ್ದು ಯಾವಾಗ ಎಂದು ನಮ್ಮವ್ವ ಖಚಿತವಾಗಿ ಹೇಳುತ್ತಿದ್ದಳು: ಭೀಮೆಗೆ ನೀರು ಬಂದು ಗಾಣಗಾಪುರದ ಸಂಗಮದ ಮೆಟ್ಟಿಲು ಮುಳುಗಿದ ವರ್ಷ, ಸಜ್ಜೆ ತೆನೆ ಹಾಲುಗಟ್ಟಿದಾಗ. ಇದಕ್ಕಿಂತ ಖಚಿತ ಬೇರೇನು ಬೇಕು? ಆದರೆ ಫಾರಂನಲ್ಲಿ ಸಜ್ಜೆಗೆ ಜಾಗವಿಲ್ಲ. ಅವಳ ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿನ ಮೇಲೆ ಜನವರಿ ಒಂದು ಎಂದು ಬರೆದು, ಒಂದು ಇಸವಿ ಹಾಕಿದ್ದರು. ಅದರ ಪ್ರಕಾರ ಅಕ್ಕ ನನಗಿಂತ ಎರಡು ವರ್ಷ ಚಿಕ್ಕವಳು. ವೋಟರ್ ಕಾರ್ಡಿನ ಪ್ರಕಾರ ನಮ್ಮವ್ವನ ವಾರಿಗೆಯವಳು. ಎರಡನ್ನೂ ಒಂದು ಮಾಡಿಕೊಂಡು ಬರ್ರಿ ಎಂದರು ಪಾಸ್‌ಪೋರ್ಟ್ ಕಚೇರಿಯವರು. ಒಂದು ಮಾಡಲು ಮೂರನೆಯದೊಂದು ಕಾಗದ ಬೇಕು. ಈ ಮೂರನೆಯ ಕಾಗದಕ್ಕಾಗಿಯೇ ನಾನು ಆಳಂದ ಮುಟ್ಟಿದ್ದು, ಮುಟ್ಟಿ ಮುಟ್ಟಿ ಮರಳಿದ್ದು.

ಇಷ್ಟರಲ್ಲಿ ನಾವೊಂದು ತಪ್ಪು ಮಾಡಿದೆವು, ನಮ್ಮ ಕಡೆಯವರಷ್ಟೇ ಮಾಡುವ ತಪ್ಪು. ಹೊರಡುವ ಮೊದಲೇ ಊರಿಗೆ ಹೇಳಿದೆವು.

ನಮ್ಮಲ್ಲಿ ದೂರದ ಯಾತ್ರೆಗೆ ಹೋಗುವವರನ್ನು ಓಣಿಯವರು ಮನೆ ಮನೆಗೆ ಊಟಕ್ಕೆ ಕರೆಯುತ್ತಾರೆ. ಹೋಳಿಗೆ ಉಣ್ಣಿಸಿ, ಹಣೆಗೆ ಕುಂಕುಮ ಹಚ್ಚಿ, ಕುಬಸದ ಬಟ್ಟೆ ಕೊಟ್ಟು, ಕೈಗೊಂದು ತೆಂಗಿನಕಾಯಿ ಇಟ್ಟು, ನಮ್ಮ ಹೆಸರಿಲೆಯೂ ದೇವರಿಗೆ ಒಡೆಸಿ ಬರ್ರಿ ಎಂದು ಕಳಿಸುತ್ತಾರೆ. ನಮ್ಮದು ಯಾತ್ರೆಯಲ್ಲ ಎಂದು ನಾನು ಹೇಳಿದೆ. ಕೇಳುವವರು ಯಾರು? ನಿಂಬರ್ಗಾದಲ್ಲಿ ಅಕ್ಕನನ್ನೂ ಜೇವರ್ಗಿಯಲ್ಲಿ ನನ್ನನ್ನೂ ಕರೆದು ಉಣ್ಣಿಸಿದರು. ಎದುರು ಮನೆಯ ಶರಣಮ್ಮ ಕಾಯಿ ಕೊಡುತ್ತ, "ಅಲ್ಲಿ ಯಾವ ದೇವರದರಿ ಟೀಚರ್?" ಎಂದಳು. ದೇವರಿಲ್ಲ, ಆನೆ ಇದೆ ಎಂದೆ. "ಹಂಗಾದ್ರ ಗಣಪ್ಪ ಇದ್ದಂಗೇ ಆತಲ್ರಿ, ಅದರ ಮುಂದೇ ಒಡೀರಿ" ಎಂದು ತೀರ್ಮಾನ ಮಾಡಿಬಿಟ್ಟಳು. ಹೀಗೆ ದಿನಾಂಕ ಗೊತ್ತಾಗುವ ಮೊದಲೇ ಹದಿಮೂರು ಮನೆಯ ಹೋಳಿಗೆ ಹೊಟ್ಟೆ ಸೇರಿತು. ಹೋಳಿಗೆ ಉಂಡ ಮೇಲೆ ಹೋಗದೆ ಉಳಿಯುವಂತಿಲ್ಲ. ಈಗ ಹಾಲು ತರಲು ಹೊರಗೆ ಬಂದರೂ, "ಇನ್ನಾ ಹೋಗಿಲ್ರಿ?" ಎನ್ನುತ್ತಾರೆ. ಹಾಲಿನವನಿಗೆ ಇನ್ನಷ್ಟು ಬೇಗ ಬಾ ಎಂದು ಹೇಳಿದ್ದೇನೆ.

ಸಾಮಾನು ಕಟ್ಟುವುದೂ ಸಣ್ಣ ಮಾತಲ್ಲ. ಕಾಡಿನೊಳಗೆ ಹೋಗುವ ಪುಟ್ಟ ವಿಮಾನಕ್ಕೆ ಗಟ್ಟಿ ಪೆಟ್ಟಿಗೆ ನಡೆಯುವುದಿಲ್ಲ, ಮೆತ್ತನ್ನ ಚೀಲವೇ ಆಗಬೇಕಂತೆ. ಅಕ್ಕ ಕಡಕ ರೊಟ್ಟಿ ಮಾಡಿಡಲು ಜೋಳ ಆರಿಸಿ ಇಟ್ಟಿದ್ದಳು. ಕಡಕ ರೊಟ್ಟಿಯನ್ನು ಮೆತ್ತನ್ನ ಚೀಲದಲ್ಲಿ ಹಾಕಿ ಎರಡು ವಿಮಾನ ಹತ್ತಿಸಿ ಇಳಿಸಿದರೆ ಅಲ್ಲಿ ಮುಟ್ಟುವುದು ಹಿಟ್ಟು. "ಆಗಲಿ, ಮತ್ತ ಬಡೀತೇನಿ" ಎಂದಳು ಅಕ್ಕ. ಬಟ್ಟೆಯೂ ಮಣ್ಣಿನ ಬಣ್ಣದ್ದಿರಬೇಕು, ಕಡು ನೀಲಿ ಉಟ್ಟರೆ ಒಂದು ಜಾತಿಯ ನೊಣ ಮುತ್ತಿ ಕಡಿಯುತ್ತದೆ ಎಂದು ಟ್ರಾವೆಲ್ಸ್‌ನ ಹುಡುಗಿ ಹೇಳಿದ್ದಳು. ಮಣ್ಣಿನ ಬಣ್ಣದ ಸೀರೆಗೆ ಅಂಗಡಿ ಅಂಗಡಿ ತಿರುಗಿದೆವು. ಅಂಗಡಿಯವನು ಮೆಲ್ಲಗೆ, "ಯಾರರೆ ತೀರಿಕೊಂಡಾರೇನ್ರಿ?" ಎಂದು ಕೇಳಿದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕಡೆಗೆ, "ನಮ್ಮ ಮಣ್ಣು ಕರೀದು, ಅವರ ಮಣ್ಣು ಯಾವ ಬಣ್ಣದ್ದು ಅಂತ ಮೊದಲು ಕೇಳು" ಎಂದು ನನ್ನನ್ನೇ ದಬಾಯಿಸಿ ಹೊರಗೆ ಕರೆತಂದಳು.

ಎಲ್ಲಕ್ಕಿಂತ ಮುಖ್ಯ ನಿಯಮ ಇನ್ನೊಂದು. ಕಾಡಿನಲ್ಲಿ ಪ್ರಾಣಿ ತೋರಿಸುವ ಜೀಪಿನಲ್ಲಿ ಎದ್ದು ನಿಲ್ಲಬಾರದು, ಕೂಗಬಾರದು, ಕೈ ಬೀಸಬಾರದು. ಮೂರು ತಾಸು ಸುಮ್ಮನೆ ಕೂಡಬೇಕು. ಪಾಠಕ್ಕೆ ಮೊದಲು ಪ್ರಯೋಗ ಮಾಡಿ ನೋಡುವುದು ನನ್ನ ಪದ್ಧತಿ. ಒಂದು ಭಾನುವಾರ ಅಕ್ಕನನ್ನು ಅಫಜಲಪುರದ ಆಚೆ ಸೊನ್ನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಭೀಮೆಗೆ ಕಟ್ಟಿದ ಬ್ಯಾರೇಜಿನ ಹಿನ್ನೀರಿನ ದಂಡೆಯಲ್ಲಿ ಜಾಲಿ ಗಿಡದ ನೆರಳು ನೋಡಿ ಕೂತೆವು. ಹತ್ತು ನಿಮಿಷ ಅಕ್ಕ ಗಿಡದಂತೆ ಕೂತಳು. ನನಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಬೆಳ್ಳಕ್ಕಿಗಳ ದೊಡ್ಡ ಹಿಂಡು ಬಂದು ನೀರಂಚಿಗೆ ಇಳಿಯಿತು. ನಾನು ಕಣ್ಸನ್ನೆ ಮಾಡಿ ನೋಡು ಎನ್ನುವುದರೊಳಗೆ ಅಕ್ಕ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿತ್ತು, ಕೈಯಲ್ಲಿ ಕಲ್ಲಿತ್ತು. "ಹೋ... ಹೋ... ಹಾ!"

ಇಡೀ ಹಿನ್ನೀರು ಖಾಲಿಯಾಯಿತು. ಮೀನು ಹಿಡಿಯುವವನೊಬ್ಬ ಬುಟ್ಟಿ ಎತ್ತಿಕೊಂಡು ದೂರ ಹೋಗಿ ಕೂತ.

"ಅಕ್ಕಾ, ಏನು ಮಾಡಿದಿ?"

ಅಕ್ಕ ಕೈಯಲ್ಲಿದ್ದ ಕಲ್ಲನ್ನು ನೋಡಿದಳು. "ನಾ ಏನೂ ಮಾಡಿಲ್ಲಬೇ. ಕೈ ಮಾಡ್ತು" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಬಸ್ಸು ಅಫಜಲಪುರ ದಾಟಿದ ಮೇಲೆ, "ಆ ಜೀಪಿನಾಗೂ ಹಿಂಗೇ ಮಾಡಿದ್ರ ನನ್ನ ಇಳಿಸಿಬಿಡ್ತಾರೇನು?" ಎಂದು ಕೇಳಿದಳು.

ದಸರೆಗೆ ಹದಿನೈದು ದಿನವಿರುವಾಗ ಟ್ರಾವೆಲ್ಸ್‌ನ ಹುಡುಗಿ ಫೋನ್ ಮಾಡಿದಳು. "ಮೇಡಂ, ನಿಮ್ಮದೆಲ್ಲ ರೆಡಿ. ಸಿಸ್ಟರ್‌ದು ಈ ಸಲ ಆಗೋದಿಲ್ಲ. ವಿಜಯಪುರದವರು ಒಬ್ಬ ಮೇಡಂ ಒಬ್ಬರೇ ಬರ್ತಿದ್ದಾರೆ, ಅವರ ಜೊತೆ ರೂಮ್ ಹಾಕ್ತೀನಿ. ನಾಳೆ ಹೇಳಿಬಿಡಿ."

ನಿಮ್ಮ ಮುಂದೆ ಸುಳ್ಳೇಕೆ? ಹೂಂ ಎನ್ನುವ ಮನಸ್ಸಾಯಿತು. ಬಹಳ ಸಾಕಾಗಿತ್ತು. ಫೈಲು ಸಾಕಾಗಿತ್ತು, ಬಸ್ಸು ಸಾಕಾಗಿತ್ತು, ಇನ್ನಾ ಹೋಗಿಲ್ರಿ ಎಂಬ ಮಾತು ಕೇಳಿ ಕೇಳಿ ಕಿವಿ ಸೋತಿತ್ತು. ಒಬ್ಬಳೇ ಹೋಗಿ, ಫೋಟೋ ತಂದು ತೋರಿಸಿದರೆ ಅಕ್ಕ ಬೇಡ ಎನ್ನುವವಳಲ್ಲ. ಜೀವನವಿಡೀ ಬೇಡ ಎನ್ನದವಳ ಜೊತೆ ಇರುವ ತೊಂದರೆಯೇ ಅದು. ನಿರ್ಧಾರವೆಲ್ಲ ನಮ್ಮ ತಲೆಗೇ ಬರುತ್ತದೆ. ಅಕ್ಕನಿಗೆ ಇದನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ. ಮರುದಿನ ರಜೆ ಹಾಕಿ ನಿಂಬರ್ಗಾಕ್ಕೆ ಹೋದೆ.

ದಾರಿಯಲ್ಲಿ ನಮ್ಮ ತವರೂರಿನ ಶಾಲೆ. ಹಳೆಯ ದಾಖಲಾತಿ ಪುಸ್ತಕಗಳು ಪೆಟ್ಟಿಗೆಯೊಂದರಲ್ಲಿ ಸಿಕ್ಕಿವೆ, ಬಂದು ನೋಡಿ ಎಂದು ಹೆಡ್ ಮಾಸ್ತರರು ಹೇಳಿ ಕಳಿಸಿದ್ದರು. ಅಕ್ಕ ಶಾಲೆಯ ಮುಖ ನೋಡಿದ್ದೇ ನನಗೆ ಗೊತ್ತಿರಲಿಲ್ಲ, ಆದರೂ ಕೂತು ಹುಡುಕಿದೆ. ಇಲಿ ಕಡಿದ ಅಂಚು, ನೀಲಿ ಶಾಯಿ. ಮೊದಲು ನನ್ನ ಹೆಸರು ಸಿಕ್ಕಿತು. ಹುಟ್ಟಿದ್ದು ಜೂನ್ ಒಂದು. ನಮ್ಮ ಕಾಲದಲ್ಲಿ ಶಾಲೆಗೆ ಬಂದವರೆಲ್ಲ ಜೂನ್ ಒಂದಕ್ಕೇ ಹುಟ್ಟುತ್ತಿದ್ದರು, ಮಾಸ್ತರರ ಕೃಪೆ. ಅದೇ ಪುಟದಲ್ಲಿ, ನನ್ನ ಹೆಸರಿನ ಮೇಲೆ ಹತ್ತು ಸಾಲು ಬಿಟ್ಟು, ಇನ್ನೊಂದು ಹೆಸರಿತ್ತು. ಮಹಾದೇವಿ, ತಂದೆಯ ಹೆಸರು ನಮ್ಮಪ್ಪನದು, ಎರಡನೆಯ ಇಯತ್ತೆ, ಹುಟ್ಟಿದ್ದು ಜೂನ್ ಒಂದು, ನನಗಿಂತ ಎರಡು ವರ್ಷ ಹಿಂದಿನದು. ಅದರ ಮೇಲೆ ಅಡ್ಡ ಗೆರೆ ಎಳೆದು, ಕೊನೆಯ ಮನೆಯಲ್ಲಿ 'ಹೊಲ ಕಾಯಲು ಬಿಡಿಸಿದರು' ಎಂದು ಬರೆದಿತ್ತು. ಅವಳನ್ನು ಬಿಡಿಸಿದ ವಾರವೇ ನನ್ನನ್ನು ಸೇರಿಸಿದ್ದರು.

ಹನ್ನೊಂದು ತಿಂಗಳು ಹುಡುಕಿದ ಮೂರನೆಯ ಕಾಗದ ಸಿಕ್ಕಿತ್ತು. ಕಡೆಗೂ ಅಕ್ಕ ಕಾಗದದಲ್ಲಿಯೂ ನನ್ನ ಅಕ್ಕನಾದಳು. ಸಂತೋಷ ಪಡಬೇಕಿತ್ತು. ನಾನು ಹೆಡ್ ಮಾಸ್ತರರು ತರಿಸಿದ ಚಹಾ ಹಾಗೆಯೇ ಇಟ್ಟು ಎದ್ದೆ.

ಅಕ್ಕ ಮಗನ ಹೊಲದ ಬದುವಿನ ಮೇಲೆ ಕೂತಿದ್ದಳು. ತೊಗರಿ ಸೊಂಟದುದ್ದ ಬೆಳೆದಿತ್ತು. ಪಕ್ಕದಲ್ಲಿ ಕೂತು ಹೇಳಿದೆ: "ನಿನ್ನ ಕಾಗದ ಸಿಕ್ತಕ್ಕಾ. ಆದ್ರ ಈ ದಸರಿಗಿ ಆಗಂಗಿಲ್ಲ."

"ನೀ ಹೋಗು," ಎಂದಳು, ನಾನು ಅಂದುಕೊಂಡಂತೆಯೇ. "ಸಣ್ಣಾಕಿದ್ದಾಗ ಓದಿ ಹೇಳ್ತಿದ್ದಿ. ಈಗ ನೋಡಿ ಬಂದು ಹೇಳು."

"ಶಾಲಿಗೆ ಹೋಗಿದ್ದಿ ಅಂತ ಯಾಕ ಹೇಳಲಿಲ್ಲ?"

"ಅದನ್ನೇನು ಹೇಳೂದು? ಕಾಗುಣಿತ ಬರೂದ್ರೊಳಗ ಬಿಡಿಸಿದ್ರು." ತೊಗರಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ನನ್ನ ಮೊಣಕೈ ಹಿಡಿದು, "ಅಲ್ಲಿ ನೋಡು" ಎಂದಳು.

ಚಿಗರಿ. ಒಂದು ಕರಿಯ ಗಂಡು, ತಿರುಚಿದ ಕೋಡಿನದು; ಹಿಂದೆ ಏಳೆಂಟು ಹೆಣ್ಣು. ತೊಗರಿಯ ಕುಡಿಗೆ ಬಾಯಿ ಹಾಕಿದ್ದವು. ಅಕ್ಕ ಏಳಲಿಲ್ಲ. ಕೈ ಎತ್ತಲಿಲ್ಲ. ನಾನು ಅವುಗಳನ್ನು ಬಿಟ್ಟು ಅವಳನ್ನೇ ನೋಡಿದೆ. ಎಷ್ಟೋ ಹೊತ್ತು ಹಾಗೇ ಕೂತಳು. ನನ್ನ ದಣಿದ ತಲೆಗೆ ದೊಡ್ಡದೊಂದು ಉಪಾಯ ಹೊಳೆಯಿತು.

"ಅಕ್ಕಾ, ಆತಲ್ಲ? ಓಡಸಲಾರದೆ ಕುಂತು ನೋಡಿದಿ. ಇನ್ನ ಅಷ್ಟು ದೂರ ಯಾಕ? ಇಬ್ಬರೂ ಹೋಗೂದು ಬ್ಯಾಡ ಬಿಡು."

ಅಕ್ಕ ನನ್ನ ಕಡೆ ತಿರುಗಿದಳು. ಬಿ.ಎ., ಬಿ.ಎಡ್. ಮಾಡಿಯೂ ಇಷ್ಟೇ ಏನು ಎನ್ನುವಂಥ ನೋಟ. "ಏನು ಮಾತಾಡ್ತೀಬೇ? ಇದು ಹುಡುಗನ ತೊಗರಿ!" ಎಂದವಳೇ ಎದ್ದು, ಸೊಂಟದಿಂದ ಕವಣೆ ಬಿಚ್ಚಿ, ಗಿರ್ರನೆ ತಿರುವಿದಳು. ಕಲ್ಲು ಚಿಗರಿಗಳಿಂದ ಎರಡು ಮಾರು ಆಚೆ ಬಿತ್ತು, ಬೇಕೆಂದೇ. ಹಿಂಡು ಬದು ಹಾರಿ ಹೋಯಿತು. ಅಕ್ಕ ಏದುಸಿರು ಬಿಡುತ್ತ ಮತ್ತೆ ಕೂತಳು.

"ಇವನ್ನ ನೋಡಬೇಕು ಅನ್ನಸ್ತದ, ನೋಡ್ತಿರಬೇಕಾದ್ರೇ ಎಷ್ಟು ಕುಡಿ ಹೋತು ಅಂತನೂ ಅನ್ನಸ್ತದ. ಆ ಉದ್ದನ ಕುತ್ತಿಗಿದು ಯಾರ ಹೊಲ ಮೇದ್ರೂ ನಾ ಏಳಬೇಕಾಗಿಲ್ಲಲ್ಲ? ಒಂದ್ಸಲ ಅಂಥಲ್ಲಿ ಹೋಗಿ ಕುಂಡ್ರಬೇಕು. ಈ ವರ್ಷ ಆಗಲಿ, ಮುಂದಿನ ವರ್ಷ ಆಗಲಿ."

ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ. ರಜೆ ಎಂದರೇನು ಎಂದು ಯಾರೂ ನನಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಬದುವಿನ ಮೇಲಿಂದಲೇ ಟ್ರಾವೆಲ್ಸ್‌ನ ಹುಡುಗಿಗೆ ಫೋನ್ ಹಚ್ಚಿ, ವಿಜಯಪುರದ ಮೇಡಂಗೆ ರೂಮು ಒಬ್ಬರಿಗೇ ಇರಲಿ, ನಮ್ಮಿಬ್ಬರ ಹೆಸರು ಮುಂದಿನ ದಸರೆಗೆ ಬರೆದುಕೊಳ್ಳಮ್ಮ ಎಂದೆ. "ಇನ್ನೊಂದು ವರ್ಷ ಕಾಯ್ತೀರಾ ಮೇಡಂ?" ಎಂದು ಕೇಳಿದಳು. ಅವಳಿಗೇನು ಗೊತ್ತು, ಕಾಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಓಣಿಗೆ ಮುಖ ತೋರಿಸುವುದು ಉಳಿದಿತ್ತು. ಶರಣಮ್ಮನ ಕಾಯಿ ಹಿಂದಿರುಗಿಸಲು ಹೋದೆ. ಅವಳು ಮುಟ್ಟಲಿಲ್ಲ. "ಕೊಟ್ಟ ಕಾಯಿ ಹೊಳ್ಳಿ ತಗೋತಾರೇನ್ರಿ? ಚಟ್ನಿ ಮಾಡ್ರಿ. ಹೋಗುವಾಗ ಮತ್ತೊಂದು ಕೊಡ್ತೇನಿ, ಹೋಳಿಗಿನೂ ಮಾಡ್ತೇನಿ" ಎಂದಳು. ಮುಂದಿನ ವರ್ಷ ಮತ್ತೆ ಹದಿಮೂರು ಮನೆ. ಈಗಲೇ ಹೊಟ್ಟೆ ಭಾರವೆನಿಸುತ್ತದೆ.

ದಸರೆ ರಜೆ ಬಂತು. ಆಫ್ರಿಕಾದಲ್ಲಿ ಇರಬೇಕಾಗಿದ್ದ ದಿನ ನಾವಿಬ್ಬರೂ ಮತ್ತೆ ಸೊನ್ನಕ್ಕೆ ಹೋದೆವು. ಅಕ್ಕನೇ ಹಟ ಹಿಡಿದಳು, ಅಭ್ಯಾಸ ಆಗಬೇಕಂತೆ. ಅದೇ ಜಾಲಿ ಗಿಡ. ಕೂತ ತಕ್ಷಣ ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ, "ಗಂಟು ಹಾಕು, ಬಿಗಿಯಾಗಿ ಹಾಕು" ಎಂದಳು. ಹಾಕಿದೆ. ಬೆಳ್ಳಕ್ಕಿ ಬಂದವು. ಸೆರಗಿನೊಳಗೆ ಕೈ ಒಮ್ಮೆ ಕೊಸರಿತು, ಆಮೇಲೆ ಸುಮ್ಮನಾಯಿತು. ನಾನು ಮೂರು ತಾಸಿನ ಲೆಕ್ಕ ಹಿಡಿಯಲು ಗಡಿಯಾರ ನೋಡಿಕೊಂಡೆ. ನೀರಿನ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಹನ್ನೊಂದು ತಿಂಗಳ ದಣಿವೆಲ್ಲ ಒಮ್ಮೆಲೇ ಬಂದು ರೆಪ್ಪೆಯ ಮೇಲೆ ಕೂತಿತು. ಅಕ್ಕನ ಹೆಗಲಿಗೆ ತಲೆ ಕೊಟ್ಟು ಯಾವಾಗ ನಿದ್ದೆ ಹೋದೆನೋ ತಿಳಿಯದು.

ಎಚ್ಚರಾದಾಗ ಬಿಸಿಲು ಇಳಿದಿತ್ತು. ಸೆರಗಿನ ಗಂಟು ಎಂದೋ ಬಿಚ್ಚಿಹೋಗಿ, ಅಕ್ಕನ ಕೈಗಳು ಮಡಿಲಲ್ಲಿ ತೆರೆದೇ ಬಿದ್ದಿದ್ದವು. ಬೆಳ್ಳಕ್ಕಿಗಳು ಇನ್ನೂ ಅಲ್ಲೇ ಇದ್ದವು.